ಸರಿ ಗುರುತು

ಅತ್ತೆ ತೀರಿಕೊಂಡ ಮೇಲೆ ಸೊಸೆಯ ಪಾಲಿಗೆ ಬಂದದ್ದು ಮೂರೇ ಮೂರು: ಅಂಗಿಗೆ ಗುಂಡಿಯ ತೂತು ಹೊಲಿಯುವ ಒಂದು ಕಾಜಾ ಯಂತ್ರ, ಕಡ್ಡಿ ಮುರಿದ ಒಂದು ಕೊಡೆ, ಮತ್ತು ಮಾವನ ಬಾಯಿಪಾಠ ಕೇಳುವ ಕೆಲಸ. ಯಂತ್ರ ತಕರಾರು ಮಾಡಿದರೆ ಎರಡು ಹನಿ ಎಣ್ಣೆ ಬಿಟ್ಟು ಬಾಯಿ ಮುಚ್ಚಿಸಬಹುದಿತ್ತು. ಕೊಡೆಯನ್ನು ಎಸೆಯಬಹುದಿತ್ತು. ಮಾವನಿಗೆ ಎರಡೂ ಮಾಡುವ ಹಾಗಿರಲಿಲ್ಲ.

ಈ ಮಾವ ಮೂವತ್ತೈದು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಯಾರ ಅಂಗಡಿಗೆ ಬೇಕಾದರೂ ನುಗ್ಗಿ, ಚೀಲದಿಂದ ಹಿತ್ತಾಳೆಯ ಬಟ್ಟು ತೆಗೆದು ತಕ್ಕಡಿಯ ಮೇಲಿಟ್ಟು, ಹತ್ತು ಗ್ರಾಂ ಹೆಚ್ಚುಕಮ್ಮಿ ಕಂಡರೂ ಅಂಗಡಿಯವನ ಜನ್ಮ ಜಾಲಾಡಿ ಬರುತ್ತಿದ್ದ. ನಿವೃತ್ತಿಯಾದ ಮೇಲೆ ಜಾಲಾಡಲು ಯಾರೂ ಸಿಗಲಿಲ್ಲ. ಮನೆಯ ಸೋಪು, ಉಪ್ಪು, ಸಕ್ಕರೆ ಪೊಟ್ಟಣ ಎಲ್ಲವನ್ನೂ ತೂಗಿ ನೋಡಿ, ಹೆಂಡತಿಯ ಕೈಲಿ ಉಗಿಸಿಕೊಂಡು, ಕೊನೆಗೆ ಚರ್ಚಿನ ಸಭೆಯ ಕಂಠಪಾಠದ ಗುಂಪಿಗೆ ಸೇರಿದ. ಬೈಬಲಿನ ವಾಕ್ಯಗಳನ್ನು ಉರು ಹೊಡೆಯುವುದು, ಹೊಡೆದದ್ದು ಮರೆತುಹೋಗದ ಹಾಗೆ ಮತ್ತೆ ಮತ್ತೆ ಒಪ್ಪಿಸುವುದು, ಇದು ಆ ಗುಂಪಿನವರು ಭಕ್ತಿಗೆ ಕಂಡುಕೊಂಡ ದಾರಿ. ಮಾವನಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಅದರಲ್ಲಿ ದೇವರಿಗಿಂತ ದಾಖಲೆ ಜಾಸ್ತಿ.

ದಾಖಲೆ ಇದ್ದದ್ದು ಒಂದು ಉದ್ದನೆಯ ಮರದ ಪೆಟ್ಟಿಗೆಯಲ್ಲಿ. ಒಳಗೆ ತೆಳು ಹಲಗೆ ಹಾಕಿ ನಾಲ್ಕು ಮನೆ ಮಾಡಿದ್ದರು. ದಿನದ ಮನೆ, ವಾರದ ಮನೆ, ತಿಂಗಳ ಮನೆ, ವರ್ಷದ ಮನೆ. ಹೊಸ ವಾಕ್ಯವನ್ನು ಒಂದು ಕಾರ್ಡಿನಲ್ಲಿ ಬರೆದು ದಿನದ ಮನೆಗೆ ಹಾಕುವುದು. ದಿನಾ ತಪ್ಪಿಲ್ಲದೆ ಒಪ್ಪಿಸಿದರೆ ಕಾರ್ಡಿನ ಬೆನ್ನಿಗೆ ತಾರೀಖು ಬರೆದು ಸರಿ ಗುರುತು. ಸಾಕಷ್ಟು ಗುರುತು ಬಿದ್ದರೆ ಕಾರ್ಡಿಗೆ ವಾರದ ಮನೆಗೆ ಬಡ್ತಿ. ಅಲ್ಲಿಯೂ ಗೆದ್ದರೆ ತಿಂಗಳ ಮನೆ. ಕೊನೆಗೆ ವರ್ಷದ ಮನೆ. ಅಲ್ಲಿಗೆ ಹೋದ ವಾಕ್ಯವನ್ನು ವರ್ಷಕ್ಕೊಮ್ಮೆ ಮುಟ್ಟಿದರೆ ಸಾಕು, ಸರ್ಕಾರಿ ಪಿಂಚಣಿದಾರರ ಹಾಗೆ. ಒಂದೇ ಒಂದು ಪದ ತಪ್ಪಿದರೂ ಯಾವ ಮನೆಯಲ್ಲಿದ್ದರೂ ಸೀದಾ ದಿನದ ಮನೆಗೆ ವಾಪಸ್. ಗುರುತು ಹಾಕುವವರು ಕೇಳುವವರೇ ಆಗಬೇಕು, ಒಪ್ಪಿಸುವವನು ಪೆನ್ಸಿಲ್ ಮುಟ್ಟುವಂತಿಲ್ಲ. ವ್ಯಾಪಾರಿಯೇ ತನ್ನ ತಕ್ಕಡಿಗೆ ತಾನೇ ಮುದ್ರೆ ಒತ್ತಿಕೊಂಡರೆ ಇನ್ಸ್‌ಪೆಕ್ಟರ್ ಯಾಕೆ ಬೇಕು ಎಂದು ಮಾವ ಕೇಳುತ್ತಿದ್ದ.

ಅತ್ತೆ ನಿಜವಾಗಿಯೂ ಕೇಳುತ್ತಿದ್ದಳು. ಕನ್ನಡಕ ಏರಿಸಿ, ಕಾರ್ಡಿನ ಮೇಲೆ ಬೆರಳಿಟ್ಟು, ಗಂಡ ಒಂದು ಪದ ಆಚೀಚೆ ಮಾಡಿದರೆ ಸಂತೋಷದಿಂದ ತಪ್ಪು ಹಾಕುತ್ತಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಸಿಕ್ಕ ಅಧಿಕಾರ ಅದೊಂದೇ. ಅವಳು ಕೇಳಿದ ಹದಿನೈದು ವರ್ಷದಲ್ಲಿ ಮಾವ ಸಾವಿರದ ಚಿಲ್ಲರೆ ವಾಕ್ಯ ಗಂಟಲಿಗಿಳಿಸಿಕೊಂಡು, ಸಭೆಯ ವಾರ್ಷಿಕ ಸ್ಪರ್ಧೆಯಲ್ಲಿ ವರ್ಷಕ್ಕೊಂದರ ಹಾಗೆ ಬೆಳ್ಳಿ ಬಣ್ಣದ ಬಹುಮಾನದ ಕಪ್ಪುಗಳನ್ನು ಹೊತ್ತು ತಂದ. ಅವುಗಳ ಧೂಳು ಒರೆಸುವ ಭಾಗ್ಯ ಆಗಲೇ ಸೊಸೆಯದಾಗಿತ್ತು.

ಸೊಸೆಗೆ ಈ ಗುಂಪನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಆರನೇ ತಿಂಗಳಲ್ಲಿ ಅವಳ ಹೊಟ್ಟೆಯ ಕೂಸು ಹೋದಾಗ ಗುಂಪಿನವರೆಲ್ಲ ಸಾಲಾಗಿ ಬಂದು ಹಾಸಿಗೆಯ ಪಕ್ಕ ನಿಂತರು. ಒಬ್ಬರೂ ಕೂರಲಿಲ್ಲ, ಒಬ್ಬರೂ ಅವಳ ಕೈ ಹಿಡಿಯಲಿಲ್ಲ. ಒಬ್ಬೊಬ್ಬರು ಒಂದೊಂದು ವಾಕ್ಯ ಹೇಳಿ, ಕೊನೆಗೆ ಅದರ ಅಧ್ಯಾಯ ಎಷ್ಟನೆಯದು, ವಚನ ಎಷ್ಟನೆಯದು ಎಂಬ ಅಂಕಿಯನ್ನೂ ಸೇರಿಸಿ, ಪಾಠ ಒಪ್ಪಿಸಿದ ಸಮಾಧಾನದಲ್ಲಿ ಹೊರಟರು. ಮಾವನಂತೂ ಒಳಗೇ ಬರಲಿಲ್ಲ. ಬಾಗಿಲಲ್ಲಿ ನಿಂತು, ಕೊಟ್ಟವನೇ ತೆಗೆದುಕೊಂಡ ಎಂಬ ಅರ್ಥದ್ದೊಂದನ್ನು ಒಂದು ಅಕ್ಷರ ತಪ್ಪದೆ ಹೇಳಿ, ಇವತ್ತು ಕಾಫಿ ಯಾರು ಮಾಡುತ್ತಾರೆ ಎಂದು ಕೇಳಿದ. ಆವತ್ತಿನಿಂದ ವಾಕ್ಯ ಎಂದರೆ ಅವಳಿಗೆ ಮೈ ಉರಿಯುತ್ತಿತ್ತು. ಇವರ ಪಾಲಿಗೆ ಅದು ದುಃಖದಲ್ಲಿರುವವರ ಮುಖ ನೋಡದೆ ಪಾರಾಗಲು ಒಳ್ಳೆಯ ಉಪಾಯ ಎಂದು ಅವಳು ತೀರ್ಮಾನಿಸಿಬಿಟ್ಟಳು.

ಅಂಥವಳ ಕೈಗೆ ಅತ್ತೆಯ ಪೆನ್ಸಿಲ್ ಬಂತು. ಮೊದಲ ಒಂದು ತಿಂಗಳು ಹೇಗೋ ಕೇಳಿದಳು. ಆದರೆ ಅವಳಿಗೆ ಅವಳದೇ ಕೆಲಸ ಕುತ್ತಿಗೆಯವರೆಗಿತ್ತು. ಎರಡು ಟೈಲರ್ ಅಂಗಡಿಗಳ ಶರ್ಟುಗಳಿಗೆ ಕಾಜಾ ಹೊಡೆದು ಗುಂಡಿ ಹಚ್ಚಿ ಕೊಡುವವಳು ಅವಳೇ. ಬೆಳಗ್ಗೆ ಗಂಟು ಬಂದರೆ ಸಂಜೆಗೆ ಮುಗಿಯಬೇಕು. ಒಂದು ಶರ್ಟಿಗೆ ಒಂಬತ್ತು ಕಾಜಾ, ಅರ್ಧ ನೂಲು ಅಳತೆ ತಪ್ಪಿದರೂ ಗುಂಡಿ ಕೂರುವುದಿಲ್ಲ. ಎದುರಿನ ಕುರ್ಚಿಯಲ್ಲಿ ಮಾವ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು, ಶುರುಮಾಡುತ್ತಿದ್ದ. ಇತ್ತ ಯಂತ್ರ ಟಕಟಕ ಎನ್ನುತ್ತಿತ್ತು. ಅವನ ದನಿ ನಿಂತರೆ ವಾಕ್ಯ ಮುಗಿಯಿತು ಎಂದು ಲೆಕ್ಕ. ಅವಳು ಎಡಗೈಯಲ್ಲಿ ಗುರುತು ಹಾಕಿ ಮುಂದಿನ ಕಾರ್ಡು ತೆಗೆಯುತ್ತಿದ್ದಳು. ಕೇಳುತ್ತಿರಲಿಲ್ಲ, ಕಾರ್ಡನ್ನು ನೋಡುತ್ತಲೂ ಇರಲಿಲ್ಲ. ಹೀಗೆ ಮೂರು ವರ್ಷ. ಪಾಪ ಅನ್ನಿಸಿತ್ತೇ ಎಂದರೆ ಇಲ್ಲ. ಒಂದು ಥರ ಖುಷಿಯೇ ಆಗುತ್ತಿತ್ತು. ಇಷ್ಟು ದೊಡ್ಡ ಇನ್ಸ್‌ಪೆಕ್ಟರನ ಕಣ್ಣಿಗೇ ಮಣ್ಣೆರಚುತ್ತಿದ್ದೇನಲ್ಲ ಎಂದು ಒಳಗೊಳಗೇ ನಗುತ್ತಿದ್ದಳು.

ಒಂದು ದಿನ ಬೆಳಗ್ಗೆ ಯಂತ್ರದ ಬೆಲ್ಟು ಕಡಿದುಹೋಯಿತು. ಟಕಟಕ ನಿಂತಿತು. ಕೋಣೆಯಲ್ಲಿ ಮಾವನ ದನಿಯೊಂದೇ ಉಳಿಯಿತು, ಅದು ಬೇಡವೆಂದರೂ ಕಿವಿಗೆ ಬಿತ್ತು.

ಮಾವ ಕರ್ತನೇ ಕುರುಬ ಎಂಬ ವಾಕ್ಯದಿಂದ ಶುರುಮಾಡಿದ. ಹಸಿರು ಹುಲ್ಲುಗಾವಲವರೆಗೆ ಸರಿಯಾಗಿಯೇ ಹೋದ. ಅಲ್ಲಿಂದ, ಯಾರಿಗೂ ಹೇಳದೆ ಕೇಳದೆ, ಬೇರೊಂದು ವಾಕ್ಯದ ಒಂಟೆ ಹತ್ತಿ ಸೂಜಿಯ ಕಣ್ಣಿನೊಳಗೆ ತೂರಿದ. ಆಚೆ ಬದಿಯಲ್ಲಿ ಇಳಿದಾಗ ಅವನ ಕೈಯಲ್ಲಿ ಸಾಸಿವೆ ಕಾಳಿತ್ತು. ಕೊನೆಗೆ ಮೂರನೆಯ ಯಾವುದೋ ಪುಸ್ತಕದ ಅಧ್ಯಾಯ ಮತ್ತು ವಚನದ ಅಂಕಿ ಹೇಳಿ, ಎಂದಿನ ಗತ್ತಿನಲ್ಲಿ ಕಣ್ಣು ತೆರೆದ. ಎತ್ತು ಏರಿಗೆ, ಕೋಣ ನೀರಿಗೆ. ಸೊಸೆ ಕಾರ್ಡು ನೋಡಿದಳು. ಅದರಲ್ಲಿ ಕುರುಬನೂ ಇರಲಿಲ್ಲ, ಒಂಟೆಯೂ ಇರಲಿಲ್ಲ. ತಿರುಗಿಸಿ ಬೆನ್ನು ನೋಡಿದಳು. ಅಲ್ಲಿ ಅವಳದೇ ಕೈಯ ಸರಿ ಗುರುತುಗಳು ಸಾಲಾಗಿ ನಿಂತಿದ್ದವು.

ಮೊದಲು ಬಂದದ್ದು ನಗು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಆದರೆ ಎರಡನೆಯ ಕಾರ್ಡು, ಮೂರನೆಯದು, ನಾಲ್ಕನೆಯದು ಕೇಳುತ್ತ ಹೋದ ಹಾಗೆ ನಗು ಇಂಗಿಹೋಯಿತು. ಮಾವ ಆಟ ಆಡುತ್ತಿರಲಿಲ್ಲ. ಇದೇ ಸರಿ ಎಂದು ನಂಬಿದ್ದ. ಆಮೇಲೆ ಒಂದೊಂದೇ ನೆನಪಿಗೆ ಬಂತು: ಹೋದ ತಿಂಗಳು ಅಂಚೆ ಕಚೇರಿಗೆ ಹೋದವನು ಮೂರು ಗಂಟೆ ಕಳೆದು ಬಂದಿದ್ದ, ಯಾಕೆ ಎಂದರೆ ಜನ ಜಾಸ್ತಿ ಎಂದಿದ್ದ, ಗ್ಯಾಸ್ ಹಚ್ಚಿ ಮರೆತು ಪಾತ್ರೆಯ ತಳ ಕರಕಲಾಗಿತ್ತು, ಅದನ್ನು ಅವಳು ಗಂಡಸರ ಬೇಜವಾಬ್ದಾರಿಯ ಲೆಕ್ಕಕ್ಕೆ ಹಾಕಿದ್ದಳು.

ಗಂಡನಿಗೆ ಹೇಳಿದಳು. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಬೆಳಕು ಹರಿಯುವ ಮುಂಚೆ ಹೋಗಿ ಮಧ್ಯಾಹ್ನ ಬಂದು ಮಲಗುವವನಿಗೆ ಅಪ್ಪ ಎಂದರೆ ಗೋಡೆಯ ಆಚೆಯ ಕೆಮ್ಮು. ಸ್ವಭಾವದಲ್ಲಿ ಅವನು ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ. ಡಾಕ್ಟರಿಗೆ ತೋರಿಸೋಣ ಎಂದು ಇವಳು ಅಂದರೆ ಅವನು ಕಪ್ಪುಗಳ ಕಡೆ ಕೈ ತೋರಿಸಿದ. ಸಾವಿರ ವಾಕ್ಯ ನೆನಪಿಟ್ಟುಕೊಂಡವನಿಗೆ ಮರೆವೇ, ದಿನಾ ನೀನೇ ಸರಿ ಹಾಕುತ್ತೀಯಲ್ಲ ಎಂದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವಳು ಮಾತು ಅಲ್ಲಿಗೇ ಬಿಟ್ಟಳು. ಹೇಳಿದರೆ ತನ್ನ ಮೂರು ವರ್ಷ ಹೊರಗೆ ಬರುತ್ತದೆ; ಹೇಳದಿದ್ದರೆ ಮುದುಕ ಒಂದು ದಿನ ಅಂಚೆ ಕಚೇರಿಯಿಂದ ವಾಪಸ್ಸೇ ಬರುವುದಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ಉಗುಳಲೂ ಆಗದು, ನುಂಗಲೂ ಆಗದು.

ತನಗೆ ತಿಳಿದ ನಡುದಾರಿ ಹಿಡಿದಳು. ಮಾರನೆಯ ದಿನ ಯಂತ್ರ ನಿಲ್ಲಿಸಿ, ಕಾರ್ಡು ಹಿಡಿದು, ನೆಟ್ಟಗೆ ಕೇಳಿದಳು. ಹನ್ನೆರಡರಲ್ಲಿ ಒಂಬತ್ತು ತಪ್ಪು. ಒಂಬತ್ತಕ್ಕೂ ತಪ್ಪು ಹಾಕಿದಳು. ತಾನೇ ನೋಡಿ ತಾನೇ ತಿಳಿದುಕೊಳ್ಳಲಿ ಎಂಬುದು ಅವಳ ಆಸೆ.

ಮಾವ ಕಾರ್ಡುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಸಿಟ್ಟು ಮಾಡಲಿಲ್ಲ. ಅಂಗಡಿಯವನ ಎದುರು ನಿಂತಾಗಿನ ಹಳೆಯ ಇಲಾಖೆಯ ನಗು ನಕ್ಕ.

"ನೋಡಮ್ಮ, ಮೂರು ವರ್ಷ ಸರಿಯಾಗಿ ತೂಗಿದ ತಕ್ಕಡಿ ಒಂದೇ ದಿನ ಒಂಬತ್ತು ತಪ್ಪು ತೋರಿಸಿದ್ರೆ, ಮೊದಲು ಸಾಮಾನು ನೋಡಬಾರದು. ತಕ್ಕಡಿ ನೋಡಬೇಕು. ನಿನಗೇ ಮೈ ಸರಿ ಇಲ್ಲ."

ತರ್ಕ ಚೆನ್ನಾಗಿಯೇ ಇತ್ತು. ಅವನು ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಪಾದ್ರಿಯ ಹೆಂಡತಿಯ ಹತ್ತಿರ ಹೋದ. ಒಂದು ವಾರ ಸಂಜೆ ಸಂಜೆ ಅಲ್ಲಿಯೇ ಒಪ್ಪಿಸಿ ಬಂದ. ಪ್ರತಿ ಕಾರ್ಡಿಗೂ ಸರಿ. ಅವನ್ನು ಸೊಸೆಯ ಮುಂದೆ ಹರಡಿ, ಪಾದ್ರಿಯಮ್ಮನ ಗುರುತು ಎಷ್ಟು ದುಂಡಗಿದೆ ನೋಡು ಎಂದ.

ಸೊಸೆ ತಡೆಯಲಾರದೆ ಆ ಹೆಂಗಸಿನ ಮನೆಗೇ ಹೋಗಿ ವಿಚಾರಿಸಿದಳು. ಪಾದ್ರಿಯಮ್ಮ ಮುಸಿಮುಸಿ ನಕ್ಕು, ಅಷ್ಟು ಹಿರಿಯರಿಗೆ ತಪ್ಪು ಹಾಕಲು ಕೈ ಬರುತ್ತದೆಯೇ, ಅವರು ಹೇಳುತ್ತಿರುವಾಗ ನಾನು ಕಾಳು ಆರಿಸಿಕೊಂಡೆ, ಅವರ ಬಾಯಲ್ಲಿ ತಪ್ಪು ಬರುವುದುಂಟೇ ಎಂದಳು. ಹಾಗೇ ಮಾತಿಗೆ ಮಾತು ಬಂದು ತಿಳಿದದ್ದು, ಗುಂಪಿನಲ್ಲಿ ಒಬ್ಬರೂ ಇನ್ನೊಬ್ಬರದನ್ನು ಕೇಳುವುದಿಲ್ಲ. ಕಾಂಪೌಂಡರನ ಹೆಂಡತಿ ಟಿವಿ ನೋಡುತ್ತ ಗಂಡನಿಗೆ ಗುರುತು ಹಾಕುತ್ತಾಳೆ. ದೊಡ್ಡ ಟೀಚರ್ ಎಂದು ಹೆಸರಾದ ಹೆಡ್‌ಮಿಸ್ಟ್ರೆಸ್ ಒಂದು ವಾರದ ಗುರುತನ್ನು ಭಾನುವಾರವೇ ಹಾಕಿಟ್ಟುಬಿಡುತ್ತಾಳೆ. ಊರಿಗೆಲ್ಲ ವಾಕ್ಯ ಹಂಚುವ ಜನ ತಮ್ಮ ಕಿವಿಗೊಂದನ್ನೂ ಉಳಿಸಿಕೊಂಡಿರಲಿಲ್ಲ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ಗೊಣಗುತ್ತ ಸೊಸೆ ಮನೆಗೆ ನಡೆದಳು. ಅರ್ಧ ದಾರಿಯಲ್ಲಿ ತಾನೂ ಅದೇ ಸಾಲಿನಲ್ಲಿ ಮುಂದೆ ನಿಂತವಳು ಎಂಬುದು ಹೊಳೆದು ಗೊಣಗಾಟ ನಿಂತಿತು.

ಸ್ಪರ್ಧೆಯ ದಿನ ಬಂತು. ಸಭೆಯ ಹಾಲಿನಲ್ಲಿ ಮಡಚುವ ಕುರ್ಚಿಗಳು, ವೇದಿಕೆಯ ಮೇಲೆ ಹಸಿರು ಬಟ್ಟೆಯ ಮೇಜು, ಮೇಜಿನ ಮೇಲೆ ಹೊಸ ಕಪ್ಪು. ಪರೀಕ್ಷೆ ಮಾಡಲು ಹೊರಗಿನಿಂದ ದೊಡ್ಡ ಪಾದ್ರಿ ಬಂದಿದ್ದರು. ಡಬ್ಬಿಯಿಂದ ಒಬ್ಬೊಬ್ಬರು ಹದಿನೆಂಟು ಚೀಟಿ ಎತ್ತಬೇಕು. ಚೀಟಿಯಲ್ಲಿರುವ ಅಧ್ಯಾಯ-ವಚನದ ಅಂಕಿ ನೋಡಿ ಆ ವಾಕ್ಯ ಹೇಳಬೇಕು. ಸೊಸೆ ಮೂರನೆಯ ಸಾಲಿನಲ್ಲಿ ಬೈಬಲ್ ತೆರೆದು ಕೂತಳು. ಇವತ್ತು ಎಲ್ಲರೆದುರು ಮಾವನ ಮಾನ ಹೋಗುತ್ತದೆ ಎಂಬ ಹೆದರಿಕೆ ಅವಳಿಗಿತ್ತು. ಹೋಗಲಿ, ಆಗಲಾದರೂ ಗಂಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ ಎಂದೂ ಅನ್ನಿಸುತ್ತಿತ್ತು.

ಮೊದಲು ಕಾಂಪೌಂಡರ್ ಎದ್ದ. ಹದಿನಾರು ವಾಕ್ಯ ರೈಲು ಬಿಟ್ಟ ಹಾಗೆ ಬಿಟ್ಟು, ಹದಿನೇಳನೆಯದರಲ್ಲಿ ನಿಂತ. ತಲೆ ಕೆರೆದುಕೊಂಡ. ಮರೆತೆ ಎಂದು ಒಪ್ಪಿಕೊಂಡು ಇಳಿದ. ಪಾಪ, ಮರೆತದ್ದು ತನಗೇ ಗೊತ್ತಾಗುವಷ್ಟು ಅವನಿಗೆ ನೆನಪಿತ್ತು. ಸಭೆ ಚ್ಚು ಚ್ಚು ಎಂದಿತು.

ಆಮೇಲೆ ಮಾವ. ಇಸ್ತ್ರಿಯ ಬಿಳಿ ಶರ್ಟು, ಒಂಬತ್ತು ಕಾಜಾಗಳನ್ನೂ ಸೊಸೆಯೇ ಹೊಡೆದದ್ದು. ಚೀಟಿ ಎತ್ತಿದ, ಅಂಕಿಯನ್ನು ಗಟ್ಟಿಯಾಗಿ ಓದಿದ, ಕಣ್ಣು ಮುಚ್ಚಿದ. ಹಡಗು ಹತ್ತಿದವರು ಮರುಭೂಮಿಯಲ್ಲಿ ಇಳಿದರು. ಹತ್ತು ಕನ್ಯೆಯರು ತಮ್ಮ ದೀಪಗಳೊಂದಿಗೆ ಸಿಂಹದ ಗುಹೆಗೆ ಬಿದ್ದರು. ಕಳೆದುಹೋದ ಮಗ ಮನೆಗೆ ಬಂದು ಬಾಗಿಲು ತಟ್ಟಿದರೆ ಒಳಗೆ ಗೋಡೆ ಬೀಳಿಸುವ ತುತ್ತೂರಿ ಊದುತ್ತಿದ್ದರು. ದನಿ ಮಾತ್ರ ಗಂಭೀರ, ಏರಿಳಿತ ಹದವಾಗಿತ್ತು, ಎಲ್ಲಿಯೂ ತಡವರಿಕೆ ಇಲ್ಲ. ಸಭೆ ತಲೆದೂಗಿತು. ಪ್ರತಿ ಸಲವೂ ಆಮೆನ್ ಎಂದಿತು. ದೊಡ್ಡ ಪಾದ್ರಿಯ ಮುಂದೆ ಬೈಬಲ್ ತೆರೆದೇ ಇತ್ತು, ಅವರ ಕಣ್ಣು ಮಾತ್ರ ಕೈಗಡಿಯಾರದ ಮೇಲಿತ್ತು. ಹದಿನೆಂಟೂ ಮುಗಿದಾಗ ಅವರೇ ಎದ್ದು, ಈ ವಯಸ್ಸಿನಲ್ಲಿ ಇಂಥ ಜ್ಞಾಪಕಶಕ್ತಿ ಕೃಪೆಯಲ್ಲದೆ ಇನ್ನೇನು ಎಂದು ಕಪ್ಪು ಕೊಟ್ಟರು. ಹಿಂದಿನ ಸಾಲಿನಿಂದ ಗಂಡ ಎದ್ದು ನಿಂತು ಚಪ್ಪಾಳೆ ತಟ್ಟಿದ. ಹೊರಗೆ ಬಂದಾಗ, ಇನ್ನೂ ಡಾಕ್ಟರು ಬೇಕಾ ನಿನಗೆ ಎಂದು ಹೆಂಡತಿಯನ್ನು ಛೇಡಿಸಿದ.

ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಡೀ ಹಾಲಿನಲ್ಲಿ ನೂರಿಪ್ಪತ್ತು ಜನ, ಇನ್ನೂರ ನಲವತ್ತು ಕಿವಿ, ಒಂದಕ್ಕೂ ಆ ಮುದುಕ ಕಳೆದುಹೋಗುತ್ತಿರುವುದು ಕೇಳಿಸಲಿಲ್ಲ. ದೇವರ ಮಾತೆಂದು ಪ್ರಾಣ ಬಿಡುವ ಜನಕ್ಕೆ ದೇವರ ಮಾತು ಯಾವುದು ಎಂದೇ ಗೊತ್ತಿರಲಿಲ್ಲ. ಗೊತ್ತಿದ್ದವರು ಸುಮ್ಮನಿದ್ದರು. ಅದು ಇನ್ನೂ ಕೆಟ್ಟದ್ದು.

ಸಂಜೆ ಗಂಡ ಮಲಗಿದ್ದಾಗ ಮಾವ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಕಪ್ಪು ಮಡಿಲಲ್ಲಿತ್ತು. ಅವಳು ಗುಂಡಿ ಹಚ್ಚುವುದನ್ನು ನೋಡುತ್ತಿದ್ದ.

"ಎಲ್ಲರ ತಲೆಯೂ ಆಡ್ತಿತ್ತು. ನಿಂದೊಂದು ಆಡಲಿಲ್ಲ," ಎಂದ. "ಅಂಗಡೀಲಿ ನಾನು ತೂಗುವಾಗ ಗಿರಾಕಿಗಳ ಮುಖ ನೋಡ್ತಿದ್ದೆ. ಮೋಸ ಗೊತ್ತಿರೋನ ತಲೆ ಆಡಲ್ಲ. ಹೇಳು, ಎಷ್ಟು ಸರಿ ಇತ್ತು?"

ಅವಳು ದಾರ ಕಡಿದಳು. ಸುಳ್ಳು ಹೇಳುವುದು ಅವಳಿಗೆ ಮೂರು ವರ್ಷದ ಅಭ್ಯಾಸ, ಆದರೆ ಆ ಹೊತ್ತಿಗೆ ಬಾಯಿ ಬರಲಿಲ್ಲ.

"ಎರಡು, ಮಾವ. ಅದೂ ಅರ್ಧರ್ಧ."

ಮಾವ ಕಪ್ಪನ್ನು ನೆಲದ ಮೇಲಿಟ್ಟ. ಅವಳಿಗೆ ಅವನ ಮೇಲೆ ಮೊದಲ ಸಲ ಕನಿಕರ ಹುಟ್ಟಿತು, ಹುಟ್ಟಿದ್ದಕ್ಕೆ ಸಿಟ್ಟೂ ಬಂತು. ನಾಳೆ ಡಾಕ್ಟರ ಹತ್ತಿರ ಹೋಗೋಣ ಎಂದು ಅವನೇ ಅಂದ. ನೀನು ಬಾ, ಅವನು ಬೇಡ, ಅವನು ಬಂದರೆ ಎಲ್ಲ ಸರಿಯಾಗಿದೆ ಎಂದುಬಿಡುತ್ತಾನೆ ಎಂದ.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಮಾತು ಕಡಿಮೆ. ಇವತ್ತು ಯಾವ ವಾರ ಎಂದು ಕೇಳಿದಳು. ಗಡಿಯಾರದ ಚಿತ್ರ ಬರೆಸಿದಳು. ಮಾವ ಹನ್ನೆರಡೂ ಅಂಕಿಗಳನ್ನು ಒಂದೇ ಮೂಲೆಗೆ ತುಂಬಿದ. ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದಳು. ಮಾವ ಬದಲಿಗೆ ಒಂದು ವಾಕ್ಯ ಹೇಳಿದ. ಆಮೇಲೆ ಅವಳು, ಇದು ಯಾವಾಗಿನಿಂದ ಶುರುವಾಯಿತು ಎಂದು ಕೇಳಿದಳು.

ಮಾವನ ಮುಖ ಅರಳಿತು. ಕೊನೆಗೂ ತನಗೆ ಗೊತ್ತಿರುವ ಪ್ರಶ್ನೆ ಬಂದಿತ್ತು. ಚೀಲದಿಂದ ಕಾರ್ಡುಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟ. ಎಲ್ಲಕ್ಕೂ ತಾರೀಖು ಇದೆ, ಎರಡು ವಾರದ ಹಿಂದಿನವರೆಗೂ ಒಂದು ತಪ್ಪಿಲ್ಲ, ನನ್ನ ಸೊಸೆಯ ಕೈಬರಹ, ನೀವೇ ನೋಡಿ ಎಂದ. ಪಾದ್ರಿಯಮ್ಮನ ದುಂಡು ಗುರುತಿನವನ್ನು ಅವನೇ ತೆಗೆದಿಟ್ಟು ಬಂದಿದ್ದ. ಅಷ್ಟು ಬುದ್ಧಿ ಇನ್ನೂ ಅವನಲ್ಲಿತ್ತು. ಡಾಕ್ಟರಮ್ಮ ಆಸಕ್ತಿಯಿಂದ ಕಾರ್ಡು ತಿರುಗಿಸಿದಳು. ಇಂಥ ದಾಖಲೆ ಯಾರೂ ತರುವುದಿಲ್ಲ ಎಂದಳು. ಮೂರು ವರ್ಷ ಚೆನ್ನಾಗಿದ್ದು ಒಂದೇ ಸಲಕ್ಕೆ ಹೀಗೆ ಕುಸಿದರೆ ಅದು ವಯಸ್ಸಿನ ಮರೆವಲ್ಲ, ತಲೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಇವತ್ತೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ಅದರ ಪರೀಕ್ಷೆ ಬೇರೆ, ಔಷಧಿ ಬೇರೆ ಎಂದು ಬರೆಯತೊಡಗಿದಳು.

ಪೆನ್ನು ಎರಡು ಸಾಲು ಓಡಿತು. ಮೂರನೆಯ ಸಾಲಿಗೆ ಹೊರಳುವಾಗ ಸೊಸೆ ಎದ್ದು ನಿಂತಳು.

"ಅದನ್ನ ನಂಬಬೇಡಿ ಡಾಕ್ಟ್ರೇ. ಆ ಗುರುತೆಲ್ಲ ಸುಳ್ಳು. ನಾನು ಕೇಳ್ತಾನೇ ಇರಲಿಲ್ಲ. ಮೂರು ವರ್ಷ ಸುಮ್ಮನೆ ಹಾಕಿದೀನಿ. ಯಾವಾಗ ಶುರುವಾಯ್ತೋ ನನಗೆ ಗೊತ್ತಿಲ್ಲ."

ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿದಳು. ಹಾಗಾದರೆ ಇದು ನಿಧಾನವಾಗಿ ಬಂದದ್ದು, ಇದಕ್ಕೆ ಬೇರೆ ಮಾತ್ರೆ, ತಡೆಯುವುದಿಲ್ಲ, ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೇ ಎಂದಳು. ಶುರುವಿನಲ್ಲೇ ಬಂದಿದ್ದರೆ ಇನ್ನೂ ಕೆಲವು ಒಳ್ಳೆಯ ವರ್ಷ ಸಿಗುತ್ತಿದ್ದವು ಎಂಬುದನ್ನು ಬೈಗುಳದ ಹಾಗೆ ಹೇಳಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತ. ಮನೆ ತಲುಪಿದ ಮೇಲೂ ಅವಳ ಕಡೆ ತಿರುಗಲಿಲ್ಲ. ಊಟ ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ, ಮಗ ಏಳುವವರೆಗೆ ಕಾದು ಅವನಿಂದ ಹಾಕಿಸಿಕೊಂಡ. ಹತ್ತು ಗ್ರಾಂ ಕದ್ದವನಿಗೆ ಕೊಡುತ್ತಿದ್ದ ಶಿಕ್ಷೆ ಅವಳಿಗೆ ಗೊತ್ತಿತ್ತು. ತನಗೆ ಇದು ಕಡಿಮೆಯೇ ಆಯಿತು ಅನ್ನಿಸಿತು.

ಮಾರನೆಯ ದಿನ ಬೆಳಗ್ಗೆ ಅವಳು ಯಂತ್ರಕ್ಕೆ ದಾರ ಪೋಣಿಸುತ್ತಿದ್ದಾಗ ಮಾವ ಪೆಟ್ಟಿಗೆ ಎತ್ತಿಕೊಂಡು ಬಂದು ಎಂದಿನ ಹಾಗೆ ಎದುರಿಗೆ ಕೂತ. ಮುಖದಲ್ಲಿ ಮೋಡದ ಸುಳಿವೂ ಇರಲಿಲ್ಲ.

"ಶುರು ಮಾಡೋಣವಾ ಅಮ್ಮ? ನಿಮ್ಮತ್ತೆಯಾದರೂ ಆಗಾಗ ಎಡವಟ್ಟು ಮಾಡ್ತಿದ್ದಳು. ನೀನು ಮೂರು ವರ್ಷದಲ್ಲಿ ಒಂದು ಗುರುತೂ ತಪ್ಪು ಹಾಕಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ನಾಟಕವಲ್ಲ. ಡಾಕ್ಟರು, ಬಸ್ಸು, ಊಟ, ಎಲ್ಲವೂ ರಾತ್ರಿಯೊಳಗೆ ಒರೆಸಿಹೋಗಿತ್ತು. ಕಪ್ಪು ಮಾತ್ರ ಉಳಿದಿತ್ತು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಹೂಂ ಎಂದರೆ ಸಾಕಿತ್ತು, ಕೇಳುವವರು ಯಾರೂ ಇರಲಿಲ್ಲ. ಅವಳ ತಪ್ಪಿಗೆ ಇಷ್ಟು ಅಗ್ಗದ ಕ್ಷಮೆ ಇನ್ನೆಲ್ಲೂ ಸಿಗುವುದಿಲ್ಲ. ಒಂದು ಗಳಿಗೆ, ನಿಜ ಹೇಳಬೇಕೆಂದರೆ ಎರಡು ಗಳಿಗೆ, ಅವಳು ಆ ಅಗ್ಗದ ಮಾಲನ್ನು ಕೊಳ್ಳುವ ಯೋಚನೆ ಮಾಡಿದಳು. ಆಮೇಲೆ ಸಭೆಯ ಹಾಲಿನಲ್ಲಿ ತೂಗಿದ ತಲೆಗಳು ನೆನಪಾಗಿ ದಾರ ಕೆಳಗಿಟ್ಟಳು.

ಮತ್ತೆ ಹೇಳಿದಳು. ಮೊದಲಿನಿಂದ, ಬೆಲ್ಟು ಕಡಿದದ್ದು, ಕಾರ್ಡು ನೋಡದೆ ಹಾಕಿದ್ದು, ಒಳಗೊಳಗೇ ನಕ್ಕದ್ದು, ಎಲ್ಲವನ್ನೂ. ಮಾವನ ಮುಖ ನಿನ್ನೆಯ ಹಾಗೆಯೇ ಇಳಿಯಿತು, ಹೊಸದಾಗಿ. ಅದನ್ನು ಎರಡನೆಯ ಸಲ ನೋಡುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಆಮೇಲೆ ಅವನು, ಇದನ್ನು ನಿನ್ನೆಯೂ ಹೇಳಿದ್ದೆಯಾ ಎಂದು ಕೇಳಿದ. ಹೌದು ಎಂದಳು.

ಮಾವ ಪೆಟ್ಟಿಗೆಯಿಂದ ಒಂದು ಖಾಲಿ ಕಾರ್ಡು ತೆಗೆದು ಅವಳ ಮುಂದೆ ತಳ್ಳಿದ.

"ಬರಿ. ನೀನು ಮಾಡಿದ್ದನ್ನ ಹಾಗೇ ಬರಿ, ಕೆಳಗೆ ರುಜು ಹಾಕು. ದಿನದ ಮನೇಲಿಡು. ನಾನು ಎಷ್ಟು ಸರಿ ಹೇಳಿದರೂ ಇದನ್ನ ಮಾತ್ರ ಮುಂದಿನ ಮನೆಗೆ ಕಳಿಸಬೇಡ."

ಅವಳು ಬರೆದಳು. ರುಜು ಹಾಕಿದಳು. ತಾರೀಖನ್ನು ಅವನೇ ಹೇಳಿದ. ತಪ್ಪಾಗಿತ್ತು, ಅವಳು ತಿದ್ದಿ ಬರೆದುಕೊಂಡಳು.

ಮರುದಿನ ಬೆಳಗ್ಗೆ ಮೊದಲು ಕೈಗೆ ಬಂದದ್ದು ಆ ಕಾರ್ಡೇ. ಮಾವ ಕನ್ನಡಕ ಏರಿಸಿ ಒಂದೊಂದೇ ಪದ ಗಟ್ಟಿಯಾಗಿ ಓದಿದ, ಮುಗಿದ ಮೇಲೆ ತಲೆ ಎತ್ತಿ, ಇದು ನಿಜವಾ ಎಂದು ಕೇಳಿದ. ಅವಳು ಶರ್ಟನ್ನು ಪಕ್ಕಕ್ಕಿಟ್ಟು, ಅವನ ಮುಖ ನೋಡಿಕೊಂಡೇ, "ನಿಜ ಮಾವ" ಎಂದಳು.